ಒತ್ತೊತ್ತಾಗಿ ಜಾಗ

ಎಸ್‌.ಪಿ. ರೋಡಿನ ಹಿಂದಣ ಗಲ್ಲಿಯಲ್ಲಿ
ಪ್ಯಾರೇಜಾನ್ ಗಾಡಿ ನಿಲ್ಲಿಸಿಕೊಡುತ್ತಾನೆ;
ಕಿವಿಯ ಮೇಲೆ ಸೀಮೆಸುಣ್ಣ, ಕೈಯಲ್ಲಿ ಹರಿದ ಚೀಟಿ ಪುಸ್ತಕ.
ಏನು ಕೆಲಸ ಎಂದು ಕೇಳಿದ ಒಮ್ಮೆ. ಡ್ರೈವರ್ ಬರೆಯುತ್ತೇನೆ ಎಂದೆ.
'ಡ್ರೈವರ್ರಾ? ಯಾವ ಗಾಡಿ?'
ಗಾಡಿಯಲ್ಲ, ಕ್ಯಾಮೆರಾ. ಕಣ್ಣಾಸ್ಪತ್ರೆಯದು.
ಪಾಪೆಯೊಳಗೆ ಇಣುಕಿ ಹಿಂಗೋಡೆಯ ನರ ಹಿಡಿಯುವಂಥದು.
ಅವನಿಗೆ ನಗು: 'ಅದನ್ನೂ ಓಡಿಸ್ಬೇಕಾ?'

ಓಡಿಸಬೇಕು ಪ್ಯಾರೇಜಾನ್, ಅದಕ್ಕೂ ಜಾಗ ಹಿಡಿದುಕೊಡಬೇಕು.
ಒಂದು ಚಿತ್ರಕ್ಕೆ ಎರಡು ಸಾವಿರ ಪುಟ,
ಎಲ್ಲ ಒತ್ತೊತ್ತಾಗಿ, ನಡುವೆ ಬೇರೊಬ್ಬರು ಕೂರದಂತೆ.
ನಮ್ಮಂಥವರಿಗಾದರೆ ಕರ್ನಲ್ ಸುಳ್ಳು ನಕ್ಷೆ ಕೊಡುತ್ತದೆ:
ಚಿಕ್ಕಪೇಟೆಯಲ್ಲೊಂದು ತುಂಡು, ಕಲಾಸಿಪಾಳ್ಯದಲ್ಲೊಂದು,
ಕಾಗದದ ಮೇಲೆ ಮಾತ್ರ ಅಕ್ಕಪಕ್ಕ.
ನಂಬಿ ಬದುಕುತ್ತೇವೆ.
ಕ್ಯಾಮೆರಾಗೆ ನಕ್ಷೆ ಓದಲು ಬಾರದು.
ಮೊದಲ ಮನೆಯ ನಂಬರು ಹೇಳಿದರೆ
ಅಲ್ಲಿಂದ ನೇರ ಸುರಿಯುತ್ತ ಹೋಗುತ್ತದೆ,
ಪಕ್ಕದ ಮನೆ ಯಾರದೆಂದು ಕೇಳುವುದಿಲ್ಲ.

ಮೊದಲ ದಿನ ಸರಿ. ಎರಡನೆಯ ದಿನವೂ.
ಮೂರನೆಯ ಮಧ್ಯಾಹ್ನ ಪರದೆ ಕಪ್ಪು.
ಲಾಗಿನಲ್ಲಿ ಒಂದೇ ಸಾಲು: ಜಾಗವಿಲ್ಲ.
ಎಣಿಸಿದರೆ ಇತ್ತು, ಬೇಕಾದ್ದರ ಆರು ಪಟ್ಟು,
ಚೂರುಚೂರು.

ಆ ಸಂಜೆ ಗಲ್ಲಿಗೊಂದು ಮಿನಿ ಲಾರಿ ಬಂತು.
ಸ್ಕೂಟರುಗಳ ಸಂದಿ ಸಂದಿಯಲ್ಲಿ ಗೇಣಗಲ ಖಾಲಿ;
ಕೂಡಿಸಿದರೆ ಎರಡು ಲಾರಿ ನಿಂತಾವು.
ಕೂಡಿಸುವುದು ಹೇಗೆ? ಎಲ್ಲಕ್ಕೂ ಹ್ಯಾಂಡಲ್ ಲಾಕು.
ಮೂಲೆಯಲ್ಲಿ ಆ ಹಳೇ ಲೂನಾ, ಸೀಟಿನ ಹರಕಿನಲ್ಲಿ ಹುಲ್ಲು;
ಯಾರು ನಿಲ್ಲಿಸಿದರೋ, ಬಿಡಿಸಿಕೊಳ್ಳಲು ಬರಲೇ ಇಲ್ಲ.
'ಸ್ವಲ್ಪ ಕಾಯ್ತೀನಿ' ಎಂದ ಲಾರಿಯವನು.
'ಇಲ್ಲಿ ಕಾಯೋ ಹಂಗಿಲ್ಲ, ಹಿಂದೆ ಹಾರನ್ ಕೇಳಿಸ್ತಾ ಇಲ್ವಾ?
ಇದ್ರೆ ಈಗ್ಲೇ ಉಂಟು, ಇಲ್ದಿದ್ರೆ ಇಲ್ಲ.
ನಾಳೆ ಶಟರ್ ಏಳೋಕ್ ಮುಂಚೆ ಬಾ.'

ಪೀಣ್ಯಕ್ಕೆ ವಾಪಸು ಹೋದೆ, ರಾತ್ರಿಯೇ.
ಯಂತ್ರ ಪೂರ್ತಿ ಎಚ್ಚರವಾಗುವ ಮುಂಚೆ,
ಮೊದಲ ಪ್ರೋಗ್ರಾಮು ಕಾಲಿಡುವ ಮುಂಚೆ
ಬೇಲಿ ಹಾಕಿಬಿಟ್ಟೆ: ಇಷ್ಟು ಕ್ಯಾಮೆರಾದ್ದು.
ಹದಿನಾಲ್ಕು ದಿನ ಓಡಿತು.
ಹೆಸರು ಗೊತ್ತಿಲ್ಲದ ಕಣ್ಣೊಳಗಿನ ಕೆಂಪು ಕವಲುಗಳು
ಒಂದೂ ತುಂಡಾಗದೆ ಬಂದವು.

ಈಗ ಗಲ್ಲಿಯಲ್ಲೂ ಒಂದು ಜಾಗ ಖಾಲಿ.
ಎರಡು ಸಿಮೆಂಟು ಇಟ್ಟಿಗೆ, ನಡುವೆ ಹಗ್ಗ.
ಲಾರಿ ಬರುವುದು ವಾರಕ್ಕೊಮ್ಮೆ.
ಮಿಕ್ಕ ದಿನ ಜನ ಸುತ್ತುತ್ತಾರೆ, ಮೂರು ಸುತ್ತು, ನಾಲ್ಕು,
ಹಗ್ಗ ನೋಡಿ ಬೈಯುತ್ತಾರೆ, ಅವನ ತಾಯಿಯನ್ನೂ ಸೇರಿಸಿ.

ಮೊನ್ನೆ ನನ್ನ ಸ್ಕೂಟರಿಗೂ ಜಾಗ ಸಿಗಲಿಲ್ಲ.
ಹಗ್ಗದ ಕಡೆ ನೋಡಿದೆ.
ಪ್ಯಾರೇಜಾನ್ ತಲೆಯಲ್ಲಾಡಿಸಿದ.
ಬೈಯಲು ಬಾಯಿ ಬರಲಿಲ್ಲ.