ಈ ಮೂವರೂ ಒಬ್ಬನೇ

ಉಪ್ಪಳ ಪೇಟೆಯಲ್ಲಿ, ಮೀನು ಮಾರ್ಕೆಟ್ಟಿಗೆ ತಿರುಗುವಲ್ಲಿ
ನನ್ನ ಜೆರಾಕ್ಸ್ ಅಂಗಡಿ.
ಮಲಯಾಳದ ನೋಟೀಸು ಕನ್ನಡಕ್ಕೆ, ಕನ್ನಡದ ಅರ್ಜಿ ಮಲಯಾಳಕ್ಕೆ,
ಪುಟಕ್ಕೆ ಎಂಬತ್ತು. ಜಾಗದ ದಸ್ತಾವೇಜಾದರೆ ನೂರು.
ಇವತ್ತಿನ ಗಿರಾಕಿ ನನ್ನ ತಮ್ಮ,
ದುಡ್ಡು ಕೇಳುವ ಹಾಗಿಲ್ಲ.

ಶಾರ್ಜಾದಲ್ಲಿ ಅವನ ಮಗಳು ಹುಟ್ಟಿ ಹತ್ತು ತಿಂಗಳು ಆರು ದಿನ.
ವರ್ಷ ತುಂಬುವುದರೊಳಗೆ ಕಾನ್ಸುಲೇಟಿನ ಪುಸ್ತಕದಲ್ಲಿ ಹೆಸರು ಏರಬೇಕು,
ತಪ್ಪಿದರೆ ದಿಲ್ಲಿಗೆ ಬರೆದು ಬಾಗಿಲು ಕಾಯಬೇಕು.
ಅಲ್ಲಿ ಹುಟ್ಟಿದ್ದಕ್ಕೆ ಅಲ್ಲಿಯವಳಾಗುವುದಿಲ್ಲ,
ಅಪ್ಪ ಇಲ್ಲಿಯವನೆಂದು ತೋರಿಸಿಕೊಟ್ಟರೆ ಇಲ್ಲಿಯವಳು.
ಹಾಗಾಗಿ ಮೊದಲು ಅಪ್ಪ ಹುಟ್ಟಬೇಕು
ಕಾಗದದಲ್ಲಿ, ಇನ್ನೊಮ್ಮೆ, ಸರಿಯಾಗಿ.

ಶಾಲೆಯ ಟಿ.ಸಿ.ಯಲ್ಲಿ ಹೆಡ್‌ಮಾಷ್ಟ್ರ ದುಂಡಕ್ಷರದ ಪುರಂದರ.
ಪಂಚಾಯತಿನ ರಿಜಿಸ್ಟರಿನಲ್ಲಿ ತೆಂಕಣ ಗುಮಾಸ್ತನೊಬ್ಬ
ಬಾಲ ಹಚ್ಚಿ ಪುರಂದರನ್ ಮಾಡಿದ್ದಾನೆ.
ಮಗು ಹುಟ್ಟಿದ ಆಸ್ಪತ್ರೆಯ ಅರಬಿ ಚೀಟಿಯಲ್ಲಿ ಬುರಂದರ್:
ಆ ಲಿಪಿಯಲ್ಲಿ ಪಕಾರ ಇಲ್ಲವಂತೆ.

'ಪೂವಕ್ಕ ಎಂಬ ನಾನು ಪ್ರಮಾಣ ಮಾಡಿ ಹೇಳುವುದೇನೆಂದರೆ'
ಅಂತ ಅಮ್ಮನ ಹೆಸರಲ್ಲಿ ಟೈಪು ಮಾಡತೊಡಗಿದೆ,
'ಪುರಂದರ, ಪುರಂದರನ್, ಬುರಂದರ್
ಈ ಮೂವರೂ ಒಬ್ಬನೇ.'
ಊರವರಿಗೆಲ್ಲ ಕಣ್ಣುಮುಚ್ಚಿ ಹೊಡೆದುಕೊಟ್ಟ ವಾಕ್ಯ.
ಇವತ್ತು ಬೆರಳು ನಿಂತಿತು.
ಒಬ್ಬನೇ ಹೌದಾ?
ನನ್ನೊಟ್ಟಿಗೆ ಹೊಳೆಗಿಳಿದು ಮರುವಾಯಿ ಹೆಕ್ಕುತ್ತಿದ್ದವ,
ಕಣ್ಣೂರಲ್ಲಿ ಟೈಲ್ಸ್ ಕೂರಿಸಿ ಮಾತಿಗೊಮ್ಮೆ 'ಎಂದಾ' ಅನ್ನುತ್ತಾ ಬಂದವ,
ನಲವತ್ತೆಂಟು ಡಿಗ್ರಿಯಲ್ಲಿ ಬೇರೆಯವರ ಮನೆಗೆ ತಂಪು ಹತ್ತಿಸುವವ.

ಹುಟ್ಟಿದ ಸ್ಥಳ? ಅಮ್ಮನಿಗೆ ಫೋನು ಮಾಡಿದೆ.
'ಮಂಗಳೂರಾಸ್ಪತ್ರೆಗೆಂದು ಹೊರಟ ಜೀಪು ತಲಪಾಡಿ ಗೇಟಿನಲ್ಲಿ ನಿಂತಿತ್ತು,
ಮುಂದೆ ಲಾರಿಗಳ ಸಾಲು.
ತಲೆ ಹೊರಗೆ ಬರುವಾಗ ಕೇರಳ,
ಜೀಪು ಒಂದು ಮಾರು ಮುಂದೆ ಹೋಯಿತು ನೋಡು,
ಕಾಲು ಬರುವಾಗ ಕರ್ನಾಟಕ ಇದ್ದರೂ ಇದ್ದೀತು.
ಗೆರೆ ನೋಡಲಿಕ್ಕೆ ನನಗೆ ಪುರುಸೊತ್ತಿತ್ತಾ ಮಾರಾಯ್ತಿ?
ರೇಷನ್ ಕಾರ್ಡು ಈಚೆಯದ್ದು, ನಿನ್ನಪ್ಪ ಈಚೆ ಬರೆಸಿದರು.'

ಇನ್ನೊಂದು ಹಾಳೆ ಉಂಟು:
'ಈ ಮಗುವಿನ ಬಳಿ ಬೇರೆ ಯಾವ ದೇಶದ ಪಾಸ್‌ಪೋರ್ಟೂ ಇಲ್ಲ.'
ಅದಕ್ಕೆ ತಾಯಿಯ ಸಹಿಯೂ ಬೇಕು.
ರೊವೇನಾ, ಫಿಲಿಪೀನ್ಸಿನ ನರ್ಸು, ವೀಡಿಯೋ ಕಾಲಿನಲ್ಲಿ
ಅಮ್ಮನಿಗೆ 'ಎಡ್ಡೆ ಉಂಡು' ಎನ್ನುವಷ್ಟು ತುಳು ಕಲಿತವಳು,
ನೈಟ್ ಡ್ಯೂಟಿ ಮುಗಿಸಿ ಬಂದು
ಬಸ್‌ಸ್ಟಾಪಿನ ಬೆಂಚಿನಲ್ಲಿ, ತೊಡೆಯ ಮೇಲಿಟ್ಟು ಸಹಿ ಮಾಡಿದಳಂತೆ.
ಏನೂ ಕೇಳಲಿಲ್ಲ ಅಂದ ತಮ್ಮ.
ಕೇಳಲಿಲ್ಲ ಅಂತ ಎರಡು ಸಲ ಅಂದ.

ಮಗುವಿನ ಹೆಸರು ಇಳಾ. ನಾನೇ ಹುಡುಕಿದ್ದು,
ನೆಲ ಎಂಬ ಅರ್ಥಕ್ಕೆ ಮರುಳಾಗಿ.
ಇಂಗ್ಲಿಷಿನಲ್ಲಿ ಅದರ ಳಕಾರ ಸವೆದುಹೋಯಿತು.
ಮಲಯಾಳದ ಳ ಮಾತ್ರ, ಪಾಪ, ನಮ್ಮದರ ಕೈ ಬಿಡಲಿಲ್ಲ;
ಪುರಂದರನ್‌ನ ಸಿಟ್ಟು ಅಲ್ಲಿಗೆ ಅರ್ಧ ಇಳಿಯಿತು.
ಅರಬಿಯಲ್ಲಿ 'ಇಲಾ' ಎಂದರೆ 'ಕಡೆಗೆ' ಅಂತೆ,
ಊರಿಗೆ ಹೋಗುವ ಬಸ್ಸಿನ ಬೋರ್ಡಿನ ಹಾಗೆ.
ಯಾವ ಊರು ಎಂದು ಹೇಳದ ಬೋರ್ಡು.

ನೋಟರಿ ನಾಲ್ಕೂವರೆಗೆ ಎದ್ದು ಹೋಗುತ್ತಾರೆ.
ಅಮ್ಮ ಆಟೋದಲ್ಲಿ ಬರುತ್ತಿದ್ದಾಳೆ, ಸಹಿಗೆ ತನ್ನದೇ ಪೆನ್ನು ಹಿಡಿದು.
ಪ್ರಿಂಟ್ ಒತ್ತಿದೆ.
ಮಿಷನ್ನು ಒಮ್ಮೆ ನರಳಿತು,
ಕರೆಂಟು ಹೋಯಿತು.

ಕಾಗದದ ತಲೆ ಹೊರಗೆ, ಕಾಲು ಒಳಗೆ.
ಎಳೆಯಬಾರದು, ಹರಿಯುತ್ತದೆ.
ಎರಡೂ ಕೈ ಕೆಳಗೆ ಹಿಡಿದು
ಕತ್ತಲೆಯಲ್ಲಿ ನಿಂತಿದ್ದೇನೆ.