ಉಗುಳದ ಹಣ್ಣು

ಆರೆಗನ್, ಜುಲೈ. ಬೆಳಗ್ಗೆ ಆರೂವರೆ.
ವರ್ನಾ ಮುಂದೆ, ಪುಸ್ತಕ ಹಿಡಿದು ಹಿಂದೆ ನಾನು.
ಹದಿನಾಲ್ಕನೇ ಸಾಲು, ಮೂವತ್ತೇಳನೇ ಬ್ಲ್ಯಾಕ್‌ಬೆರಿ.
ಕೀಳುತ್ತಾಳೆ, ಕಚ್ಚುತ್ತಾಳೆ, ಉಗುಳುತ್ತಾಳೆ:
"ಸಿಹಿ ನಾಲ್ಕು. ಹುಳಿ ಎಂಟು. ಬೀಜ, ಹಲ್ಲಿಗೆ ಮರಳು.
ಕಿತ್ತುಹಾಕು."

ನಾಲ್ಕು ಸಾವಿರ ಸಸಿ. ಒಂದೊಂದಕ್ಕೂ
ಗೊತ್ತು ಮಾಡಿದ ತಾಯಿ, ಗೊತ್ತು ಮಾಡಿದ ತಂದೆ;
ಮೊಗ್ಗು ಬಿರಿಯುವ ಮುನ್ನ ಚಿಮಟದಲ್ಲಿ ಕೇಸರ ಕಿತ್ತು
ಕುಂಚದಲ್ಲಿ ಪರಾಗ ಸವರಿ
ಕಾಗದದ ಚೀಲ ಕಟ್ಟಿ ಮಾಡಿದ ಮದುವೆ.
ಜಾತಕವೆಲ್ಲ ಕೂಡಿತ್ತು.
ಮಕ್ಕಳು ಮಾತ್ರ ತಮಗೆ ತೋಚಿದಂತೆ.

ಮುಳ್ಳಿಲ್ಲದ್ದು ಸಪ್ಪೆ. ಘಮ ಇದ್ದದ್ದು
ಡಬ್ಬಿಯಲ್ಲಿ ಎರಡೇ ದಿನಕ್ಕೆ ನೀರು.
ಹೆಬ್ಬೆಟ್ಟಿನಷ್ಟು ದಪ್ಪನೆಯದು ತಂಪು ಕೋಣೆಯಲ್ಲಿ
ನಾಚಿಕೊಂಡು ಕಪ್ಪಿನಿಂದ ಕೆಂಪಾಯಿತು.

"ಎಂಬತ್ತೊಂದು," ಎಂದೆ. ಕಚ್ಚಿದಳು.
ಉಗುಳಲಿಲ್ಲ.
ಹತ್ತೊಂಬತ್ತು ಬೇಸಿಗೆ ಇವಳ ಹಿಂದೆ ನಡೆದಿದ್ದೇನೆ,
ಸಾಲಿನ ನಡುವೆ ಗಂಟಲು ಆಡಿದ್ದು ಕಂಡದ್ದು ಇಂದೇ.
ಇನ್ನೊಂದು ಕಿತ್ತಳು. ಅದನ್ನೂ.
ಮೊಣಕೈವರೆಗೆ ಗೀರು; ರಕ್ತವೋ ರಸವೋ
ಒರೆಸಿಕೊಳ್ಳಲಿಲ್ಲ.
"ಮುಳ್ಳಿದೆ," ಎಂದೆ.
"ಗೊತ್ತು."
"ಮುಳ್ಳಿನದನ್ನು ಯಾವ ನರ್ಸರಿಯೂ ಮುಟ್ಟುವುದಿಲ್ಲ."
"ಗೊತ್ತು ಮಾರಾಯ."

ಸಾಲಿನ ತುದಿಯಲ್ಲಿ ಗುದ್ದಲಿ ಊರಿಕೊಂಡು ಯೆವ್ದೋಕಿಯಾ.
ಕೆಂಪು ಪಟ್ಟಿ ಕಟ್ಟಿದ್ದೆಲ್ಲ ಮಧ್ಯಾಹ್ನದೊಳಗೆ ಬುಡಸಮೇತ.
ನನ್ನ ಪುಸ್ತಕದಲ್ಲಿ ಒಂಬತ್ತು ಕಲಂ.
ನುಂಗಿದ್ದಕ್ಕೆ ಒಂದೂ ಇಲ್ಲ.
ಕೆಂಪು ಪಟ್ಟಿ ವರ್ನಾಳ ಬೆರಳಲ್ಲಿ
ಸುತ್ತಿಕೊಳ್ಳುತ್ತದೆ, ಬಿಚ್ಚಿಕೊಳ್ಳುತ್ತದೆ.
"ಎಂಬತ್ತೆರಡು" ಎನ್ನಲು
ನನಗೂ ಅವಸರವಿಲ್ಲ.