ಸುತ್ತಿನ ಲೆಕ್ಕ

ಅಪ್ಪ ಎಣಿಸುವಾಗ ಮಾತಾಡಿಸಬಾರದು.
ನಮ್ಮ ಮನೆಯಲ್ಲಿದ್ದ ಕಾನೂನು ಅದೊಂದೇ.

ಪಾಂಡವಪುರದ ಐದು ದೀಪದ ಸರ್ಕಲ್ಲಿಂದ
ಸ್ಟೇಷನ್ ಕಡೆ ತಿರುಗಿ, ಗೊಬ್ಬರದಂಗಡಿ ದಾಟಿದರೆ
ತಗಡಿನ ಬೋರ್ಡು: ಬೋರಲಿಂಗಯ್ಯ, ಮೋಟಾರ್ ವೈಂಡಿಂಗ್.
ಮಳೆಗೆ ಒಂದು ಸೊನ್ನೆ ಅಳಿಸಿ ‘ವೈಂಡಿಗ್’ ಆಗಿ
ಹದಿನಾರು ವರ್ಷ ಹಾಗೇ ಇತ್ತು.
ಬರೆಸಪ್ಪಾ ಅಂದರೆ, “ಮೋಟ್ರು ಹೊತ್ಕೊಂಡ್ ಬರೋನು
ಕಾಗುಣಿತ ನೋಡ್ಕೊಂಡ್ ಬತ್ತನಾ?”

ಸುಟ್ಟ ಮೋಟಾರು ಬಂದರೆ ಮೊದಲು ಮೂಸುವನು,
ಅವ್ವ ನಿನ್ನೆಯ ಸಾರು ಮೂಸಿದಂತೆ.
“ಎರಡೇ ಫೇಸಲ್ಲಿ ಓಡ್ಸಿದ್ದೀಯ.”
“ಇಲ್ಲ ಕನಣ್ಣ, ದೇವ್ರಾಣೆ.”
ಕಪ್ಪಾದ ಸುರುಳಿಗಳನ್ನು ತೋರಿಸುವನು,
ನಡುನಡುವೆ ಬೇಯದೆ ಉಳಿದ ಕೆಂಪು ತಾಮ್ರ ತೋರಿಸುವನು.
ದೇವರ ಸುದ್ದಿ ಎತ್ತುತ್ತಿರಲಿಲ್ಲ.
ಕಿತ್ತ ಹಳೇ ತಾಮ್ರ ತೂಗಿ ವಾಪಸು ಕೊಡುವನು.
ಎದುರಂಗಡಿಯವನಿಗೆ ಅದಕ್ಕೇ ಇವನ ಮೇಲೆ ಸಿಟ್ಟು.

ಮೂವರು ಹೆಣ್ಣುಮಕ್ಕಳು ನಾವು.
ಒಂದು ಎರಡು ಕಲಿತದ್ದು ಆ ತುಟಿ ನೋಡಿ, ಸದ್ದಿಲ್ಲದೆ.
ಎಡಗೈಯಲ್ಲಿ ತಂತಿ, ಬಲಗೈಯಲ್ಲಿ ತಿರುಗಣಿ,
ಮೂವತ್ತೊಂದು, ಮೂವತ್ತೆರಡು,
ಕಾಫಿ ತಂದರೆ ಹುಬ್ಬಿನಲ್ಲೇ ‘ಇಡು’.
ಅವನು ಬಿಸಿ ಕಾಫಿ ಕುಡಿದದ್ದು ನಾನು ಕಂಡಿಲ್ಲ.

ಅವ್ವ ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಮೂರು ತಿಂಗಳಿದ್ದಳು,
ಏನಾಗಿತ್ತೆಂದು ಆಗ ನಮಗೆ ಯಾರೂ ಹೇಳಲಿಲ್ಲ.
ಜಡೆ ಹಾಕುವ ಕೆಲಸ ಅಪ್ಪನ ಪಾಲಿಗೆ ಬಂತು.
ತಂತಿ ಬಿಗಿದ ಕೈ. ಹಣೆ ಹಿಂದಕ್ಕೆ ಜಗ್ಗಿ
ಮೂವರೂ ದಿನವಿಡೀ ಬೆರಗಾದವರಂತೆ ಕಾಣುತ್ತಿದ್ದೆವು.
ರಿಬ್ಬನ್ ಸಿಗದಿದ್ದರೆ, ಕಾಯಿಲ್ ಕಟ್ಟುವ
ಬಿಳಿ ಹತ್ತಿಪಟ್ಟಿಯಲ್ಲೇ ಗಂಟು.
ವಾರ್ನಿಷ್ ನಾತಕ್ಕೆ ಕ್ಲಾಸಲ್ಲಿ ನಕ್ಕರು.
ಬಿಚ್ಚಿಕೊಳ್ಳಲಿಲ್ಲ.
ಬಿಚ್ಚಲು ಬರುತ್ತಲೂ ಇರಲಿಲ್ಲ.

ಸಂಜೆ ರೈಲಿಗೆ ಮೈಸೂರು. ಕ್ಯಾರಿಯರಿನಲ್ಲಿ ಮುದ್ದೆ, ಬಸ್ಸಾರು.
ಅವ್ವ ಉಣ್ಣುವ ತನಕ ಮಂಚದ ಪಕ್ಕ ಕೂತು
ಮೋಟಾರಿನ ಸಂದಿಗೆ ಬೇಕಾದ ಬಿದಿರು ಸೀಳು ಹೆರೆಯುವನಂತೆ.
ನರ್ಸಮ್ಮ ಬೈದರೆ ಹೊಟ್ಟನ್ನು ಬಳಿದು
ಅಂಗಿ ಜೇಬಿಗೆ ತುಂಬುವನಂತೆ.
ಇದನ್ನು ಹೇಳುವಾಗ ಅವ್ವ ಇವತ್ತಿಗೂ
ನಗುವುದೋ ಬೇಡವೋ ಎಂದು ನಮ್ಮ ಮುಖ ನೋಡುತ್ತಾಳೆ.

ಎಣಿಕೆಯ ನಡುವೆ ಏಳಲೇಬೇಕಾದರೆ
ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೇಳುವನು.
ವಾಪಸು ಬಂದು, ಅಡ್ಡಗೀಟು ಎಳೆದು, ಮುಂದಿನ ಸುತ್ತು.
ನಲವತ್ಮೂರು ಅಂದರೆ ನಾನು ಹುಟ್ಟಿದ್ದು.
ಇಪ್ಪತ್ತೆಂಟು, ಸವಿತ ನಾಲೆ ಮೆಟ್ಟಿಲಲ್ಲಿ ಜಾರಿದ್ದು.
ಒಂಬತ್ತು, ಕ್ಯಾತನಹಳ್ಳಿಯಿಂದ ಅಕ್ಕನನ್ನು ನೋಡಲು ಬಂದದ್ದು,
ಹೇಳಿದ್ದಕ್ಕಿಂತ ಒಂದು ಗಂಟೆ ಮುಂಚೆ.
ದೀಪಾವಳಿಗೂ ಆ ಗೋಡೆಗೆ ಸುಣ್ಣ ಹೊಡೆಸಲಿಲ್ಲ.

ಕೊನೆಯದು ಹದಿನೇಳು.
ಎದೆಯಲ್ಲಿ ಗ್ಯಾಸು ಅಂದನಂತೆ ಮುನೀರನಿಗೆ.
ಸೋಡಾ ತರಲು ಹೋದ ಹುಡುಗ ತರುವಷ್ಟರಲ್ಲಿ.
ಅಷ್ಟು ನೋವಿನಲ್ಲೂ ಎದ್ದು, ಬರೆದು, ಕೂತಿದ್ದಾನೆ.
ಅದಕ್ಕೆ ಗೀಟಿಲ್ಲ.

ಹನ್ನೊಂದು ಕಳೆದ ಮೇಲೂ ಚಿನಕುರಳಿಯ ಸಣ್ಣೇಗೌಡರು
ದಿನಾ ಬಂದು ಜಗಲಿ ಮೇಲೆ ಕೂತು ಹೋಗುವರು.
ಮೋಟಾರಿನ ಮಾತೆತ್ತಲಿಲ್ಲ.
ಒಟ್ಲು ಒಣಗುತ್ತಿತ್ತೆಂದು ಅವರ ಮೊಮ್ಮಗ ಬಾಯಿಬಿಟ್ಟ.
ಮುನೀರ ಆ ತಿರುಗಣಿ ಮುಟ್ಟಲಾರ.
“ನೀನೇ ಕೂತ್ಕೊ ಅಕ್ಕ.”

ಕೂತೆ. ಹದಿನೆಂಟು, ಹತ್ತೊಂಬತ್ತು.
ಅವ್ವ ಬಾಗಿಲಿಗೆ ಬಂದು “ಊಟಕ್ಕೆ” ಅಂದಳು.
ಜನ್ಮದಲ್ಲಿ ಮೊದಲ ಸಲ ಕಾನೂನು ಮುರಿದಳು.
ಲೆಕ್ಕ ತಪ್ಪಿತು.
ಬಿಚ್ಚಿ, ಹದಿನೆಂಟರಿಂದ ಮತ್ತೆ.
ಇನ್ನೊಮ್ಮೆ ಬಿಚ್ಚಿದೆ, ಅದು ಯಾರ ತಪ್ಪೂ ಅಲ್ಲ,
ಕಣ್ಣು ಮಂಜಾಗಿತ್ತು.

ನಾಲ್ಕನೇ ದಿನ ಗೌಡರ ಫೋನು,
ಹಿಂದೆ ನೀರು ಬೀಳುವ ಸದ್ದು.
“ಬತ್ತಾದೆ ಕನವ್ವ, ಚೆನ್ನಾಗೇ ಬತ್ತಾದೆ.
ಮೋಟ್ರು ಸದ್ದು ಮಾತ್ರ
ಸ್ವಲ್ಪ ಬೇರೆ.”